ಬೀಗವಿಲ್ಲದ ವೈಫೈ

ಗಿರಾಕಿಗಳ ಹೊಸ ಬಟ್ಟೆಗಳನ್ನು ಮೊದಲು ತಾನೇ ತೊಟ್ಟು ಮದುವೆಗಳಿಗೆ ಹೋಗಿಬರುತ್ತಾಳೆ ಎಂದು ಹೊಲಿಗೆಯವಳ ಮೇಲೆ ಯಾರೋ ಹೆಸರು ಮರೆಸಿಕೊಂಡು ಬಡಾವಣೆಯವರ ಅಂತರ್ಜಾಲ ಪುಟದಲ್ಲಿ ಬರೆಯತೊಡಗಿದರು. ಹೊಲಿಯಲು ಕೊಟ್ಟ ಬಟ್ಟೆಗಳನ್ನು ಜನ ಕತ್ತರಿ ಬೀಳುವ ಮೊದಲೇ ವಾಪಸು ಒಯ್ದರು. ಅವಳು ಪೊಲೀಸರಿಗೆ ದೂರು ಕೊಟ್ಟಳು.

"ಇದೆಲ್ಲ ನಿಮ್ಮ ಮನೆ ಇಂಟರ್ನೆಟ್‌ನಿಂದಲೇ ಬಂದಿದೆ. ಕನಿಕರ ಗಿಟ್ಟಿಸೋಕೆ ನೀವೇ ಬರ್ಕೊಂಡ್ರಾ?" ಎಂದರು ಅವರು. ಪಕ್ಕದಲ್ಲಿದ್ದ ಗಂಡನೂ ಅನುಮಾನದಿಂದ ಅವಳ ಮುಖ ನೋಡಿದ. ಅವಳ ಮೈ ಉರಿದುಹೋಯಿತು.

ಮರುದಿನ ಕೇಬಲ್‌ನವನನ್ನು ಕರೆಸಿದಳು.

"ನಿಮ್ಮ ವೈಫೈಗೆ ಪಾಸ್‌ವರ್ಡೇ ಇಲ್ವಲ್ಲಮ್ಮ. ಅಕ್ಕಪಕ್ಕದೋರು ಯಾರು ಬೇಕಾದ್ರೂ ಸೇರ್ಕೊಂಡು ಬರೀಬಹುದು, ವಿಳಾಸ ಮಾತ್ರ ನಿಮ್ದೇ ಬರತ್ತೆ. ಎನ್‌ಕ್ರಿಪ್ಷನ್ ಹಾಕೋಣ. ಆಮೇಲೆ ಪಾಸ್‌ವರ್ಡ್ ಇಲ್ದೋರು ಒಳಗೂ ಬರೋಕಾಗಲ್ಲ, ಗಾಳೀಲಿ ಹೋಗೋದು ಓದೋಕೂ ಆಗಲ್ಲ."

"ಪಾಸ್‌ವರ್ಡ್ ನಾನೇ ಹಾಕ್ತೀನಿ, ಹೇಗಂತ ತೋರ್ಸಿ."

ಅಂದಿನಿಂದ ಪುಟದಲ್ಲಿ ಅವಳ ಸುದ್ದಿ ನಿಂತೇಹೋಯಿತು. ಅಂದು ಸಂಜೆಯೇ ಮಹಡಿಯಿಂದ ಓರಗಿತ್ತಿ ಇಳಿದು ಬಂದಳು. ಮನೆ ಪಾಲಾದಾಗ ರಸ್ತೆಗೆ ಮುಖವಿದ್ದ ಕೆಳಭಾಗ ಮೈದುನನಿಗೆ ಹೋಯಿತೆಂದು ಮಾತು ಬಿಟ್ಟಿದ್ದವಳು, ಈಗ ಬಾಯ್ತುಂಬ ನಗುತ್ತಿದ್ದಳು.

"ನಿಮ್ಮ ನೆಟ್ಟಿಗೆ ಏನಾಯ್ತೇ?"

"ನಮ್ಮ ನೆಟ್ಟಿನ ವಿಷ್ಯ ನಿಮಗೆ ಹೇಗೆ ಗೊತ್ತಾಯ್ತು ಅಕ್ಕಾ?"

"ಇಲ್ಲ... ನಮ್ಮದು ಕೈಕೊಟ್ಟಾಗ ಒಂಚೂರು ನಿಮ್ಮದು..."

ಜಡೆ ಹಿಡಿದು ಎಳೆದುಬಿಡಬೇಕೆನಿಸಿತು. ತಡೆದುಕೊಂಡಳು. "ಭಾನುವಾರ ಎಲ್ಲರೂ ಊಟಕ್ಕೆ ಬನ್ನಿ, ಪಾಸ್‌ವರ್ಡ್ ಕೊಡ್ತೀನಿ" ಎಂದಳು. ಓರಗಿತ್ತಿ ಬೆನ್ನು ತಿರುಗಿಸಿದ್ದೇ, ಹೊಲಿಗೆಯವಳು ಇದ್ದ ಪಾಸ್‌ವರ್ಡ್ ಅಳಿಸಿ ಬೇರೆ ಹಾಕಿದಳು.

ಭಾನುವಾರ ಅತ್ತೆ, ಭಾವ, ಓರಗಿತ್ತಿ, ಗಂಡ ಎಲ್ಲರೂ ಊಟಕ್ಕೆ ಕೂತರು. ಭಾವ ಹೆಂಡತಿಯ ಫೋನು ಹಿಡಿದು, "ಹೇಳಮ್ಮ, ಹಾಕ್ತೀನಿ" ಎಂದರು. ಹೊಲಿಗೆಯವಳು ಒಂದೊಂದೇ ಇಂಗ್ಲಿಷ್ ಅಕ್ಷರ ನಿಧಾನವಾಗಿ ಹೇಳಿದಳು. ಭಾವ ಒತ್ತಿ ಮುಗಿಸಿ, ಕೂಡಿಸಿ ಓದಿದರು.

"'ನಾನೇ ಸುಳ್ಳು ಬರೆದೆ'... ಇದೆಂಥ ಪಾಸ್‌ವರ್ಡ್?"

"ಅಕ್ಕನ್ನೇ ಕೇಳಿ ಭಾವ."

ಬಾಯಿಗೆ ಹೊರಟಿದ್ದ ಓರಗಿತ್ತಿಯ ತುತ್ತು ಅಲ್ಲೇ ನಿಂತಿತು. ಗಂಡ ತಲೆ ತಗ್ಗಿಸಿದ. ಭಾವ ಹೆಂಡತಿಯ ಫೋನನ್ನು ಅವಳ ಮುಂದೆ ತಳ್ಳಿ, "ಅದೇ ಪುಟದಲ್ಲಿ, ನಿನ್ನ ಹೆಸರು ಹಾಕಿ ಬರಿ. ಈಗಲೇ" ಎಂದರು. ಎಂಜಲು ಕೈಯನ್ನು ಒರೆಸಿಕೊಂಡು ಅವಳು ಬರೆದಳು.

ಹೋಗುವಾಗ ಮೆಟ್ಟಿಲ ಬಳಿ ನಿಂತು, ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು: "ಸಾಕಾಯ್ತಾ ನಿನಗೆ?"

"ಇಲ್ಲ ಅಕ್ಕಾ."

ಗಿರಾಕಿಗಳಲ್ಲಿ ಅರ್ಧ ಜನ ಮರಳಿ ಬಂದರು. ಬಾರದವರು ಯಾರಾದರೂ ಬೇರೆಯವರ ಕೈಲಿ ಹೊಲಿಸಿಕೊಂಡದ್ದನ್ನು ತೊಟ್ಟು ಬೀದಿಯಲ್ಲಿ ಹಾದುಹೋದರೆ, ಅವಳು ಮಿಷನ್ ನಿಲ್ಲಿಸಿ ಈಗಲೂ ಮಹಡಿಯತ್ತ ನೋಡುತ್ತಾಳೆ.