ಎಂಜಿನ್ ಬಿಚ್ಚುವ ಮೊದಲು ಬಾನೆಟ್ ಎತ್ತಿ ನೋಡಿ

ಮೇಖ್ರಿ ಸರ್ಕಲ್ಲಿನ ಏರು ಹತ್ತುವಾಗ ವೀರಬಸಪ್ಪನ ಫಿಯೆಟ್ ಕಾರು ಮತ್ತೆ ನಿಂತುಬಿಟ್ಟಿತು. ಆ ತಿಂಗಳಲ್ಲಿ ಅದು ಮೂರನೇ ಸಲ. ಬಾನೆಟ್ಟಿನ ಸಂದಿಯಿಂದ ಬುಸಬುಸ ಆವಿ ಏಳುತ್ತಿತ್ತು. ಪಕ್ಕದಲ್ಲಿ ಹೆಂಡತಿ ರತ್ನವ್ವ ಇದ್ದಳು, ಹಿಂದಿನ ಸೀಟಿನಲ್ಲಿ ಮಗಳು ನೀಲಾಂಬಿಕೆ ಲೆಕ್ಕದ ಪುಸ್ತಕ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳು ಎಸ್ಸೆಸ್ಸೆಲ್ಸಿ. ಪೂರ್ವಸಿದ್ಧತಾ ಪರೀಕ್ಷೆ ಶುರುವಾಗಲು ಇನ್ನು ಇಪ್ಪತ್ತೇ ನಿಮಿಷವಿತ್ತು.

ಷೋಕಿಗೆ ಕೊಂಡ ಕಾರಲ್ಲ ಅದು. ನೀಲಾಗೆ ಮೂರು ವರ್ಷವಿದ್ದಾಗ ಪೋಲಿಯೋ ಬಂದು ಎರಡೂ ಕಾಲು ಸೋತಿದ್ದವು. ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಿಧಾನವಾಗಿ ನಡೆಯುತ್ತಿದ್ದಳು, ಬಸ್ಸಿನ ಮೆಟ್ಟಿಲು ಮಾತ್ರ ಹತ್ತಲಾಗುತ್ತಿರಲಿಲ್ಲ. ಶಾಲೆ ಇರುವುದು ಯಶವಂತಪುರದಲ್ಲಿ, ಮನೆ ಗಂಗಾನಗರದಲ್ಲಿ. ಅದಕ್ಕೇ ಐದು ವರ್ಷದ ಹಿಂದೆ ರತ್ನವ್ವ ತನ್ನ ಬಳೆ ಮಾರಿ, ವೀರಬಸಪ್ಪ ಆಫೀಸಿನಲ್ಲಿ ಸಾಲ ತೆಗೆದು, ಈ ಹಳೇ ಗಾಡಿ ಕೊಂಡಿದ್ದರು.

ಗಡಿಬಿಡಿಯಲ್ಲಿ ವೀರಬಸಪ್ಪ ಬಾನೆಟ್ ಎತ್ತಿದ. ನೀರು ಹಾಕಿದರೆ ಸರಿಹೋಗುತ್ತದೆ ಅಂದುಕೊಂಡು ಕರವಸ್ತ್ರ ಹಿಡಿದು ರೇಡಿಯೇಟರ್ ಮುಚ್ಚಳ ತಿರುಗಿಸಿದ. ಒಳಗೆ ಕುದಿಯುತ್ತಿದ್ದ ನೀರು ಮುಚ್ಚಳವನ್ನು ಎಸೆದು ಹೊರಗೆ ಚಿಮ್ಮಿತು. ಬಲಗೈಯ ಚರ್ಮ ಮುಂಗೈಯವರೆಗೂ ಸುಲಿದುಹೋಯಿತು.

ರತ್ನವ್ವ ಒಂದು ಆಟೋ ನಿಲ್ಲಿಸಿದಳು. ಮೊದಲು ಆಸ್ಪತ್ರೆಯೋ, ಶಾಲೆಯೋ? ಗಂಡನ ಮುಖ ಬಿಳಿಚಿಕೊಂಡಿತ್ತು. ಆಟೋ ಆಸ್ಪತ್ರೆಗೇ ಹೋಯಿತು. ಅಲ್ಲಿ ಕೈಗೆ ಔಷಧಿ ಹಚ್ಚಿ ಬಟ್ಟೆ ಸುತ್ತುವ ಹೊತ್ತಿಗೆ ಶಾಲೆಯಲ್ಲಿ ಲೆಕ್ಕದ ಪರೀಕ್ಷೆ ಅರ್ಧ ಮುಗಿದಿತ್ತು. ನೀಲಾ ಬೆಂಚಿನ ಮೇಲೆ ಕೂತು ತನ್ನ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ಇಷ್ಟೇ ಮಾಡುತ್ತಿದ್ದಳು.

ಗಾಡಿಯನ್ನು ಬಳ್ಳಾರಿ ರಸ್ತೆಯ ಒಂದು ಗ್ಯಾರೇಜಿಗೆ ಎಳೆಸಿದರು. ಅದರ ಮಾಲೀಕ ಮುನಿಆಂಜಿನಪ್ಪ. ಆತ ಬಾನೆಟ್ ಎತ್ತಿ ಒಂದು ಸಲ ಇಣುಕಿದ, ಅರ್ಧ ನಿಮಿಷವೂ ಆಗಲಿಲ್ಲ. ಎಂಜಿನ್ ಹೋಗಿದೆ, ಪೂರ್ತಿ ಬಿಚ್ಚಬೇಕು, ಎರಡು ಸಾವಿರದ ಎಂಟುನೂರು ಆಗುತ್ತೆ, ಬಿಚ್ಚಿದ ಮೇಲೆ ಇನ್ನೂ ಜಾಸ್ತಿ ಆದರೂ ಆದೀತು ಅಂದ. ಅಷ್ಟು ದುಡ್ಡಿಲ್ಲದಿದ್ದರೆ ಗಾಡಿಯನ್ನೇ ನಾಲ್ಕು ಸಾವಿರಕ್ಕೆ ತೆಗೆದುಕೊಳ್ಳುವವರು ತನಗೆ ಗೊತ್ತಿದ್ದಾರೆ ಅಂತಲೂ ಹೇಳಿದ.

ವೀರಬಸಪ್ಪನ ಸಂಬಳ ತಿಂಗಳಿಗೆ ಸಾವಿರದ ಇನ್ನೂರು. ಆ ದಿನ ಸಂಜೆ ಅವನು ಕಟ್ಟು ಹಾಕಿದ ಕೈ ಎದೆಗೆ ಆನಿಸಿಕೊಂಡು ಕೂತಿದ್ದವನು, ಗಾಡಿ ಮಾರಿಬಿಡೋಣ ಅಂದ. ನೀಲಾ ಈ ವರ್ಷ ಮನೆಯಲ್ಲಿರಲಿ, ಬರುವ ವರ್ಷ ನೋಡೋಣ ಅಂದ. ನೀಲಾ ಪುಸ್ತಕಗಳನ್ನು ಜೋಡಿಸಿ ಕಪಾಟಿನ ಮೇಲಿನ ಹಲಗೆಯಲ್ಲಿಟ್ಟಳು. ಅದು ಅವಳ ಕೈಗೆ ಸುಲಭವಾಗಿ ಎಟುಕದ ಹಲಗೆ. ರತ್ನವ್ವ ಅದನ್ನು ನೋಡಿದಳು. ಎದ್ದು ಹೋಗಿ ಪುಸ್ತಕಗಳನ್ನು ಇಳಿಸಿ ಮತ್ತೆ ಮೇಜಿನ ಮೇಲಿಟ್ಟಳು.

"ದೊಡ್ಡ ಪರೀಕ್ಷಾಕ್ಕ ಇನ್ನೂ ಆರು ವಾರ ಅದ. ಈ ವರ್ಷನ ಬರೀತಾಳ," ಅಂದಳು.

ಮರುದಿನ ಅವಳು ಪಕ್ಕದ ಮನೆಯ ನೂರುಲ್ಲಾ ಸಾಹೇಬರ ಹತ್ತಿರ ಹೋದಳು. ಅವರು ಇಪ್ಪತ್ತೆಂಟು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಕಣ್ಣಿಗೆ ಪೊರೆ ಬಂದು ಈಗ ಹತ್ತಿರದ ವಸ್ತುವೂ ಮಸುಕಾಗಿ ಕಾಣುತ್ತಿತ್ತು. ಅವರ ಹೆಂಡತಿ ನಜ್ಮುನ್ನೀಸಾ ರತ್ನವ್ವನ ಹತ್ತಿರ ಬಟ್ಟೆ ಹೊಲಿಸುತ್ತಿದ್ದವರು. ಚಹಾ ತಂದುಕೊಟ್ಟು ಅವರೂ ಕೂತರು.

ಸಾಹೇಬರು ಎಲ್ಲ ಕೇಳಿಸಿಕೊಂಡು ಒಂದೊಂದೇ ಪ್ರಶ್ನೆ ಕೇಳತೊಡಗಿದರು. ಎಷ್ಟು ದೂರ ಓಡಿದ ಮೇಲೆ ಬಿಸಿಯಾಗುತ್ತದೆ? ದಿನಾ ನೀರು ಕಮ್ಮಿಯಾಗುತ್ತಿತ್ತಾ? ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿತ್ತಾ? ಆಯಿಲ್ ಬಣ್ಣ ಹೇಗಿದೆ? ಫ್ಯಾನ್ ಬೆಲ್ಟ್ ಯಾವಾಗ ಹಾಕಿದ್ದು? ರತ್ನವ್ವನಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಐದು ವರ್ಷ ಆ ಗಾಡಿಯಲ್ಲಿ ಕೂತು ಓಡಾಡಿದ್ದೇನೆ, ಒಂದು ದಿನ ಬಾನೆಟ್ಟಿನ ಒಳಗೆ ನೋಡಲಿಲ್ಲವಲ್ಲ ಅಂತ ಅವಳಿಗೆ ನಾಚಿಕೆಯಾಯಿತು.

"ಗ್ಯಾರೇಜಿನವನು ಇದನ್ನೆಲ್ಲ ಕೇಳಿದ್ನಾ?" ಅಂದರು ಸಾಹೇಬರು.

"ಏನೂ ಕೇಳಲಿಲ್ರಿ."

"ನೋಡಮ್ಮಾ, ಎಂಜಿನ್ ಬಿಚ್ಚೋದು ಅಂದ್ರೆ ಆಪರೇಷನ್ ಇದ್ದಂಗೆ. ನಾಡಿ ಹಿಡಿಯದೆ ಹೊಟ್ಟೆ ಕುಯ್ತೀನಿ ಅಂದ್ರೆ ಸುಮ್ನೆ ಮಲಗಿಬಿಡ್ತೀರಾ? ನನ್ನ ಕಣ್ಣು ಸರಿ ಇದ್ದಿದ್ರೆ ನಾನೇ ಬರ್ತಿದ್ದೆ. ಈಗ ನೀವೇ ಹೋಗಿ ನೋಡ್ಬೇಕು. ಏನ್ ನೋಡ್ಬೇಕು ಅಂತ ನಾನ್ ಹೇಳ್ತೀನಿ."

ಅವರು ಹೇಳಿದ್ದನ್ನು ರತ್ನವ್ವ ಹೊಲಿಗೆ ಅಳತೆ ಬರೆಯುವ ಪುಸ್ತಕದಲ್ಲೇ ಬರೆದುಕೊಂಡಳು. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಬಿಸಿ ಇದ್ದಾಗ ಮುಚ್ಚಳ ಮುಟ್ಟಲೇಬಾರದು. ಆಯಿಲ್ ನೋಡುವ ಕಡ್ಡಿಯನ್ನು ಹೊರಗೆಳೆದು ನೋಡಬೇಕು. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ, ಎಂಜಿನ್ ಬಿಚ್ಚಬೇಕಾದೀತು. ಹಾಗಿಲ್ಲದಿದ್ದರೆ ಮೊದಲು ಬೆಲ್ಟು, ರಬ್ಬರ್ ಪೈಪು, ರೇಡಿಯೇಟರ್ ನೋಡಬೇಕು.

ಮನೆಯಲ್ಲಿ ವೀರಬಸಪ್ಪನಿಗೆ ಇದು ಸರಿಬರಲಿಲ್ಲ. ಹೆಂಗಸು ಗ್ಯಾರೇಜಿಗೆ ಹೋಗಿ ಎಂಜಿನ್ ನೋಡಿದರೆ ನಾಲ್ಕು ಜನ ನಗುತ್ತಾರೆ, ಪ್ರಶ್ನೆ ಕೇಳಿದರೆ ಆತ ಸಿಟ್ಟಾಗಿ ಇನ್ನೊಮ್ಮೆ ಗಾಡಿ ಮುಟ್ಟುವುದಿಲ್ಲ, ಮೆಕ್ಯಾನಿಕ್ ಹೇಳಿದ ಮೇಲೆ ಮುಗಿಯಿತು, ನಮಗೇನು ತಿಳಿಯುತ್ತದೆ ಅಂದ.

"ತಿಳೀಲಾರದಕ್ಕ ನಿಮ್ಮ ಕೈ ಸುಟ್ಟದ," ಅಂದಳು ರತ್ನವ್ವ.

ನಜ್ಮುನ್ನೀಸಾ ಜೊತೆಗೆ ಬಂದರು. ಅವರ ತಮ್ಮ ಮನ್ಸೂರ್ ಟ್ಯಾಕ್ಸಿ ಓಡಿಸುವವನು, ಅವನೂ ಬಂದ. ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಸುತ್ತಿಗೆ, ಸ್ಪ್ಯಾನರ್ ಕೆಳಗಿಟ್ಟು ನೋಡಿದರು. ಮುನಿಆಂಜಿನಪ್ಪ ಮರ್ಯಾದೆಯಿಂದಲೇ ಮಾತಾಡಿದ. ನೀವ್ಯಾಕೆ ಬಂದ್ರಿ, ಸಾರ್‌ನ ಕಳಿಸಿ, ಇದೆಲ್ಲ ನಿಮಗೆ ಅರ್ಥವಾಗಲ್ಲ ಅಂದ. ರತ್ನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತನ್ನ ಗಾಡಿಯ ಬಾನೆಟ್ ತಾನೇ ಎತ್ತಿದಳು.

ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ ಎಳೆದಳು. ಆಯಿಲ್ ಕಪ್ಪಗಿತ್ತು, ಹಾಲಿನ ಬಣ್ಣವಿರಲಿಲ್ಲ. ಬೆಲ್ಟಿನ ನಡುವೆ ಹೆಬ್ಬೆರಳಿಟ್ಟು ಒತ್ತಿದಳು. ಅರ್ಧ ಅಂಗುಲ ತಗ್ಗಬೇಕು ಅಂತ ಸಾಹೇಬರು ಹೇಳಿದ್ದರು, ಇದು ಎರಡು ಅಂಗುಲ ಒಳಗೆ ಹೋಯಿತು. ಒಳಮೈ ಗಾಜಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ದಿನಾ ಹೊಲಿಗೆ ಮಿಷನ್ ತುಳಿಯುವ ರತ್ನವ್ವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಲ್ಟು ಸಡಿಲವಾದರೆ ಚಕ್ರ ಜಾರುತ್ತದೆ, ಸೂಜಿ ಏಳುವುದಿಲ್ಲ. ಇಲ್ಲಿಯೂ ಫ್ಯಾನು ಸರಿಯಾಗಿ ತಿರುಗುತ್ತಿಲ್ಲ, ನೀರೂ ಸುತ್ತುತ್ತಿಲ್ಲ. ಕೆಳಗಿನ ರಬ್ಬರ್ ಪೈಪು ಸುಟ್ಟ ಬದನೆಕಾಯಿಯ ಹಾಗೆ ಮೆತ್ತಗಾಗಿ ಬಿರುಕು ಬಿಟ್ಟಿತ್ತು. ರೇಡಿಯೇಟರ್ ಮುಂದೆ ಧೂಳು, ಹುಳ, ಒಣಗಿದ ಎಲೆ ಮೆತ್ತಿಕೊಂಡು ಗಾಳಿಗೆ ದಾರಿಯೇ ಇರಲಿಲ್ಲ.

ಅವಳು ಕೈ ಒರೆಸಿಕೊಂಡು ಕೇಳಿದಳು. "ಎಂಜಿನ್ ಬಿಚ್ಚಬೇಕು ಅಂದ್ರಲ್ರಿ, ಏನು ನೋಡಿ ಹೇಳಿದ್ರಿ?"

"ಅನುಭವ ಅಮ್ಮಾ. ಇಪ್ಪತ್ತು ವರ್ಷದ ಅನುಭವ."

"ಹಂಗಾರ ಬರದು ಕೊಡ್ರಿ. ಯಾವ ಸಾಮಾನು ಹಾಕ್ತೀರಿ, ಅದಕ್ಕೆಷ್ಟು, ಕೂಲಿ ಎಷ್ಟು. ತಗದ ಹಳೇ ಸಾಮಾನು ನನ್ನ ಕೈಗೆ ಕೊಡಬೇಕು. ಬರದದ್ದಕ್ಕಿಂತ ಜಾಸ್ತಿ ಆಗೂದಿದ್ರ ಮೊದಲ ನನ್ನ ಕೇಳಬೇಕು."

ಮುನಿಆಂಜಿನಪ್ಪನ ಮುಖ ಬಿಗಿಯಿತು. ತನ್ನ ಗ್ಯಾರೇಜಿನಲ್ಲಿ ಚೀಟಿ ಪಾಟಿ ಇಲ್ಲ, ನಂಬಿಕೆ ಇದ್ದರೆ ಬಿಡಿ, ಇಲ್ಲದಿದ್ದರೆ ತೆಗೆದುಕೊಂಡು ಹೋಗಿ ಅಂದ. ಬೇರೆ ಗ್ಯಾರೇಜು ಯಾವುದೂ ರತ್ನವ್ವನಿಗೆ ಗೊತ್ತಿರಲಿಲ್ಲ. ಆದರೂ ತೆಗೆದುಕೊಂಡು ಹೋಗುತ್ತೇನೆ ಅಂದಳು. ಎಳೆಸಿದ ಬಾಡಿಗೆ ಎಣಿಸಿ ಕೊಟ್ಟಳು. ರೇಡಿಯೇಟರಿಗೆ ನೀರು ತುಂಬಿಸಿ ಮನ್ಸೂರ್ ಗಾಡಿ ಶುರು ಮಾಡಿದ. ಮನೆ ಅಲ್ಲಿಂದ ಅರ್ಧ ಮೈಲಿ, ಬಿಸಿಯಾಗುವುದರೊಳಗೆ ಬಂದು ಸೇರಿದರು.

ಮುಂದಿನ ಭಾನುವಾರದವರೆಗೂ ಕೆಲಸ ನಡೆಯಿತು. ರತ್ನವ್ವ ಹಳೇ ಬೆಲ್ಟು, ಹಳೇ ಪೈಪು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಜೆ.ಸಿ. ರೋಡಿಗೆ ಹೋದಳು. ಮೂರು ಅಂಗಡಿಯಲ್ಲಿ ಬೆಲೆ ಕೇಳಿ, ಹಳೆಯದರ ಪಕ್ಕ ಹೊಸದನ್ನಿಟ್ಟು ಅಳತೆ ನೋಡಿ, ರಸೀದಿ ಪಡೆದು ತಂದಳು. ರೇಡಿಯೇಟರನ್ನು ಮನ್ಸೂರ್ ಬಿಚ್ಚಿ ಶಿವಾಜಿನಗರದಲ್ಲಿ ತೊಳೆಸಿ ತಂದ. ನೂರುಲ್ಲಾ ಸಾಹೇಬರು ಕಾಂಪೌಂಡಿನೊಳಗೆ ಕುರ್ಚಿ ಹಾಕಿಕೊಂಡು ಕೂತು ಹೇಳುತ್ತಿದ್ದರು, ರತ್ನವ್ವ ಮಾಡುತ್ತಿದ್ದಳು. ಬೆಲ್ಟು ಬಿಗಿ ಮಾಡುವ ಬೋಲ್ಟು ಜಗ್ಗಲಿಲ್ಲ. ಎರಡು ಸಲ ಸ್ಪ್ಯಾನರ್ ಜಾರಿ ಬೆರಳಿನ ಗಿಣ್ಣು ತರಚಿತು. ಮೂರನೇ ಸಲ ಸ್ಪ್ಯಾನರನ್ನು ಎರಡೂ ಕೈಯಲ್ಲಿ ಹಿಡಿದು ಮೈಭಾರ ಹಾಕಿದಳು, ಬೋಲ್ಟು ತಿರುಗಿತು. ಜಗಲಿಯಲ್ಲಿ ದೂರ ಕೂತು ನೋಡುತ್ತಿದ್ದ ವೀರಬಸಪ್ಪ ಅಷ್ಟು ಹೊತ್ತಿಗೆ ಹತ್ತಿರ ಬಂದು, ಸರಿಯಿದ್ದ ಎಡಗೈಯಲ್ಲಿ ಟಾರ್ಚ್ ಹಿಡಿದು ನಿಂತಿದ್ದ. ಎಲ್ಲ ಸೇರಿ ಖರ್ಚು ನೂರಾ ಮೂವತ್ತೇಳು ರೂಪಾಯಿ.

ಮನ್ಸೂರನ ಕೈಯಲ್ಲಿ ಯಲಹಂಕದವರೆಗೆ ಓಡಿಸಿ ನೋಡಿದರು. ಹೋಗುವಾಗ ಬಿಸಿ ತೋರಿಸುವ ಮುಳ್ಳು ನಡುವೆಯೇ ನಿಂತಿತ್ತು. ಬರುವಾಗ ಹೆಬ್ಬಾಳದ ಹತ್ತಿರ ಮತ್ತೆ ಮೇಲಕ್ಕೆ ಹೋಯಿತು. ವೀರಬಸಪ್ಪ ನಿಟ್ಟುಸಿರು ಬಿಟ್ಟು, ನಾನು ಹೇಳಲಿಲ್ಲವಾ ಅಂದ. ರತ್ನವ್ವ ಗಾಡಿ ನಿಲ್ಲಿಸಲು ಹೇಳಿದಳು. ಯಾರೂ ಮುಚ್ಚಳ ಮುಟ್ಟಬಾರದು ಅಂತ ಮುಕ್ಕಾಲು ಗಂಟೆ ಬದಿಯಲ್ಲಿ ಕಾಯಿಸಿದಳು. ಬಂದು ಸಾಹೇಬರಿಗೆ ಇದ್ದದ್ದು ಇದ್ದಹಾಗೆ ಹೇಳಿದಳು.

ಅವರು ಯೋಚಿಸಿ, ಹಾಗಾದರೆ ಬಿಸಿಯಾದಾಗ ಬಾಯಿ ತೆರೆದು ನೀರು ಬಿಡುವ ವಾಲ್ವ್ ಅಂಟಿಕೊಂಡಿರಬೇಕು, ಅದು ಕೈ ಪಳಗಿದವರು ನೋಡುವ ಕೆಲಸ, ಈಗ ಗ್ಯಾರೇಜಿಗೇ ಹೋಗಬೇಕು ಅಂದರು. "ಮೆಕ್ಯಾನಿಕ್ ಬೇಡ ಅಂತ ನಾನೆಲ್ಲಿ ಹೇಳ್ದೆ? ಒಳ್ಳೆ ಮೆಕ್ಯಾನಿಕ್ ಬೇಕು. ಪ್ರಶ್ನೆ ಕೇಳಿದ್ರೆ ಉತ್ತರ ಕೊಡೋನು ಬೇಕು."

ಯಶವಂತಪುರದಲ್ಲಿ ಹುಬ್ಬಳ್ಳಿ ಕಡೆಯ ಫಕೀರಪ್ಪ ಅಂತ ಒಬ್ಬನ ಸಣ್ಣ ಗ್ಯಾರೇಜಿತ್ತು. ಈ ಸಲ ವೀರಬಸಪ್ಪನೂ ಹೋದ. ರತ್ನವ್ವ ಅದೇ ಮಾತು ಕೇಳಿದಳು. ಫಕೀರಪ್ಪ ಸಿಟ್ಟಾಗಲಿಲ್ಲ. ವಾಲ್ವ್ ತೆಗೆದು ಬಿಸಿನೀರಿನ ಡಬ್ಬಿಯಲ್ಲಿ ಹಾಕಿ, ನೀರು ಕುದಿದರೂ ಅದು ಬಾಯಿ ಬಿಡದಿರುವುದನ್ನು ಇಬ್ಬರಿಗೂ ತೋರಿಸಿದ. ಹೊಸದಕ್ಕೆ ಇಷ್ಟು, ಕೂಲಿ ಇಷ್ಟು, ಒಟ್ಟು ಐವತ್ತೈದು ಅಂತ ಚೀಟಿ ಬರೆದ. ಕೆಲಸ ಮುಗಿದ ಮೇಲೆ ಹಳೇ ವಾಲ್ವನ್ನು ಕಾಗದದಲ್ಲಿ ಸುತ್ತಿ ಕೊಟ್ಟು, ಹೀಗೆ ಕೇಳುವ ಗಿರಾಕಿ ಇದ್ದರೆ ತನಗೂ ಕೆಲಸ ಹಗುರ, ಆಮೇಲೆ ಜಗಳವಿರುವುದಿಲ್ಲ ಅಂದ.

ಮಾರ್ಚ್ ಕೊನೆಗೆ ಪರೀಕ್ಷೆ ಶುರುವಾಯಿತು. ಮೊದಲ ದಿನ ಬೆಳಿಗ್ಗೆ ಆರು ಗಂಟೆಗೆ ರತ್ನವ್ವ ಎದ್ದು ಹೊರಗೆ ಬಂದರೆ ಕಾರಿನ ಬಾನೆಟ್ ಆಗಲೇ ಮೇಲಿತ್ತು. ವೀರಬಸಪ್ಪ ಬಗ್ಗಿ ಆಯಿಲ್ ಕಡ್ಡಿ ಒರೆಸುತ್ತಿದ್ದ. ಸುಟ್ಟ ಕೈಯ ಚರ್ಮ ಹೊಸದಾಗಿ ಗುಲಾಬಿ ಬಣ್ಣಕ್ಕೆ ಬಂದಿತ್ತು. ನೀರು ನೋಡಿದೆ, ಬೆಲ್ಟು ಒತ್ತಿ ನೋಡಿದೆ, ಟೈರಿಗೆ ನಿನ್ನೆಯೇ ಗಾಳಿ ಹಾಕಿಸಿದ್ದೇನೆ ಅಂದ. ರತ್ನವ್ವ ಒಳಗೆ ಹೋಗಿ ಅವನಿಗೆ ಕಾಫಿ ತಂದಳು.

ಆರು ಪರೀಕ್ಷೆಗೂ ನೀಲಾ ಅರ್ಧ ಗಂಟೆ ಮೊದಲೇ ತಲುಪಿದಳು. ಲೆಕ್ಕದ ದಿನ ಪರೀಕ್ಷಾ ಕೊಠಡಿಯಿಂದ ಹೊರಗೆ ಬರುವಾಗ ಅವಳು ಯಾರ ಕೈಯನ್ನೂ ಹಿಡಿಯಲಿಲ್ಲ. ಪಟ್ಟಿ ಕಟ್ಟಿದ ಕಾಲು ಒಂದೊಂದಾಗಿ ಎತ್ತಿಟ್ಟುಕೊಂಡು ಕಾರಿನ ಹತ್ತಿರ ಬಂದು, "ಎಲ್ಲಾ ಲೆಕ್ಕಾನೂ ಮಾಡೀನವ್ವ," ಅಂದಳು.

ಈಗ ಗಂಗಾನಗರದಲ್ಲಿ ಯಾರ ಸ್ಕೂಟರ್, ಯಾರ ಕಾರು ಕೆಟ್ಟರೂ ವೀರಬಸಪ್ಪನೇ ಮೊದಲು ಹೋಗಿ ಹೇಳುತ್ತಾನೆ: ಗಾಬರಿ ಆಗಬೇಡ್ರಿ, ತಣ್ಣಗಾಗಲಿ, ಮೊದಲು ನೋಡೂಣು, ಆಮೇಲೆ ಗ್ಯಾರೇಜು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಮುಂದೆ ಒಂದು ಗಾಡಿ ಇದ್ದರೆ ಈ ಮಾತು ನಿಮಗೇ. ಅದು ಹೇಗೆ ಓಡುತ್ತದೆ ಅಂತ ಪೂರ್ತಿ ತಿಳಿಯಬೇಕಾಗಿಲ್ಲ. ವಾರಕ್ಕೊಂದು ಸಲ ನೀರು, ಆಯಿಲ್, ಬೆಲ್ಟು ನೋಡುವುದನ್ನು ಗಂಡಸರೂ ಕಲಿಯಿರಿ, ಹೆಂಗಸರೂ ಕಲಿಯಿರಿ. ಬಿಸಿ ಎಂಜಿನ್ನಿನ ಮುಚ್ಚಳಕ್ಕೆ ಕೈ ಹಾಕಬೇಡಿ. ದೊಡ್ಡ ಖರ್ಚು ಹೇಳಿದರೆ ಇನ್ನೊಬ್ಬರಿಗೂ ತೋರಿಸಿ. ಖರ್ಚನ್ನು ಬರೆಸಿಕೊಳ್ಳಿ, ಹಳೇ ಸಾಮಾನು ಕೇಳಿ ಪಡೆಯಿರಿ. ಕೇಳಲು ಸಂಕೋಚ ಬೇಡ, ಗಾಡಿಯೂ ನಿಮ್ಮದು, ಬೆವರು ಸುರಿಸಿ ದುಡಿದ ದುಡ್ಡೂ ನಿಮ್ಮದು. ನಾಳೆ ಬೆಳಿಗ್ಗೆ ಗಾಡಿ ಶುರು ಮಾಡುವ ಮುಂಚೆ ಐದು ನಿಮಿಷ ಅದರ ಮುಂದೆ ನಿಲ್ಲಿ.