ಸಂತ ಫಿಯಾಕರನ ಹೊಲ

ಮಗನಿದ್ದ ಪರದೇಶದ ಊರು ಪುಕೆಕೊಹೆಯಲ್ಲಿ ಚನ್ನಮಲ್ಲಪ್ಪನವರಿಗೆ ಒಂದು ಗೇಣು ಮಣ್ಣಿರಲಿಲ್ಲ. ಊರ ಸುತ್ತ ಉಳ್ಳಾಗಡ್ಡಿ ಹೊಲ, ಮಗನ ಮನೆಯ ಸುತ್ತ ಕಾಂಕ್ರೀಟು. ನಲವತ್ತು ವರ್ಷ ಒಕ್ಕಲುತನ ಮಾಡಿದವರು ಈಗ ಬಕೆಟ್ಟಿನಲ್ಲಿ ಮೆಂತ್ಯ ಬೆಳೆಯುತ್ತಿದ್ದರು.

ಓಣಿಯ ಚರ್ಚಿಗೆ ಫಿಯಾಕರ್ ಎಂಬ ಸಂತನ ಹೆಸರು. ಸೊಸೆ ಸ್ನೇಹಲ್ ಅವನ ಕತೆ ಹೇಳಿದಳು. ಸಾವಿರದ ಮುನ್ನೂರು ವರ್ಷದ ಹಿಂದೆ ಐರ್ಲೆಂಡಿನಿಂದ ಫ್ರಾನ್ಸಿಗೆ ಬಂದು ಕಾಡಿನಲ್ಲಿ ಒಂಟಿ ಗುಡಿಸಲು ಹಾಕಿಕೊಂಡ ಸನ್ಯಾಸಿ. ಕಾಯಿಪಲ್ಲೆ ಬೆಳೆದು ಹಸಿದವರಿಗೆ ಹಾಕುತ್ತಿದ್ದ. ಹೆಂಗಸರನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಒಂದು ಹಗಲಿನಲ್ಲಿ ಅಗೆದಷ್ಟು ನೆಲ ನಿನ್ನದು ಎಂದು ಬಿಷಪ್ ಹೇಳಿದನಂತೆ. ಇವನು ಕೋಲು ಎಳೆಯುತ್ತ ನಡೆದನಂತೆ, ಮಣ್ಣು ತಾನೇ ಬಾಯಿಬಿಟ್ಟಿತಂತೆ. ಅದಕ್ಕೇ ಆಗಸ್ಟ್ ಕೊನೆಗೆ, ಅವನ ಹಬ್ಬದ ದಿನ, ಚರ್ಚಿನ ಹಿಂದಿನ ಹೊಲವನ್ನು ಹಾಗೇ ಹಂಚುತ್ತಾರೆ. ಮನೆಗೊಂದು ಸಲಿಕೆ, ಹೊತ್ತು ಮುಳುಗುವವರೆಗೆ ಅಗೆದಷ್ಟು ನೆಲ ಒಂದು ವರ್ಷ ನಿಮ್ಮದು. ಯಾವ ಧರ್ಮದವರೂ ಬರಬಹುದು.

ಹಬ್ಬದ ದಿನ ಬೆಳಗ್ಗೆಯೇ ಸಲಿಕೆ ಹಿಡಿದ ಚನ್ನಮಲ್ಲಪ್ಪನವರ ಸೊಂಟ ಮಧ್ಯಾಹ್ನಕ್ಕೆ ಕೈಕೊಟ್ಟಿತು. ಅಗೆದದ್ದು ಒಂದು ಹಾಸಿಗೆಯಷ್ಟೂ ಇರಲಿಲ್ಲ. ಬುತ್ತಿ ತಂದ ಹೆಂಡತಿ ನೀಲಗಂಗಮ್ಮ ನೋಡಿದರು. ಹಾಸಿ ಕೂರಲು ತಂದಿದ್ದ ಹಳೆಯ ಇಳಕಲ್ ಸೀರೆಯನ್ನು ಹೊಸೆದು, ಸಲಿಕೆಯ ಕುತ್ತಿಗೆಗೆ ಬಿಗಿದು, ಹೆಗಲಿಗೆ ಹಾಕಿಕೊಂಡರು. ಎತ್ತು ಸತ್ತ ವರ್ಷ ಇಬ್ಬರೂ ಹೀಗೇ ಕುಂಟೆ ಹೊಡೆದಿದ್ದರು. ಆಕೆ ಎಳೆದರು, ಇವರು ಒತ್ತಿ ಹಿಡಿದರು. ಹದವಾದ ಕೆಂಪು ಮಣ್ಣು ಸರಸರ ಮಗುಚಿತು. ಅಗೆಯುತ್ತಿದ್ದವರೆಲ್ಲ ನಿಂತು ಸಿಳ್ಳೆ ಹಾಕಿದರು.

"ಮಾವಾರ, ಇದು ಚೀಟಿಂಗ್ ಆಗ್ತದ್ರೀ," ಎಂದಳು ಸ್ನೇಹಲ್.

ಪಾದ್ರಿಯೂ ಬಂದರು. ಸಂತ ಎಳೆದದ್ದು ಒಬ್ಬನೇ, ಜೊತೆಗೆ ಯಾರೂ ಇರಲಿಲ್ಲ ಎಂದರು. ಸ್ನೇಹಲ್ ಅದನ್ನು ಕನ್ನಡದಲ್ಲಿ ಹೇಳಿದಳು. ನೆಲ ಹೋಯಿತು ಎಂದುಕೊಂಡ ಚನ್ನಮಲ್ಲಪ್ಪನವರು ಸಲಿಕೆ ಕೈಬಿಟ್ಟರು. ನೀಲಗಂಗಮ್ಮ ಹೆಗಲಿನ ಸೀರೆ ಇಳಿಸಲಿಲ್ಲ.

"ಅಂವ ಸನ್ಯಾಸಿ. ಇವರಿಗೆ ನಾ ಅದೀನಿ. ಮನಿಗೊಂದು ಸಲಿಕಿ ಅಂದ್ರಲ್ಲ, ಒಂದ ಐತಿ, ನೋಡ್ರಿ."

ಸೊಸೆ ಇದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ಮೊದಲೇ ಪಾದ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಳೆಯಿರಿ ಎಂದರು. ಪಕ್ಕದ ಇಬ್ಬರು ಆಗಲೇ ಹಗ್ಗ ಹುಡುಕಲು, ಹೆಂಡತಿಯನ್ನು ಕರೆಯಲು ಓಡಿದ್ದರು.

ಹೊತ್ತು ಮುಳುಗಿದಾಗ ಹನ್ನೊಂದು ಸಾಲು ಇವರದಾಗಿತ್ತು, ಬೇಲಿಯಿಂದ ಬೇಲಿಗೆ. ಮೆಂತ್ಯಕ್ಕೆಷ್ಟು, ಉಳ್ಳಾಗಡ್ಡಿಗೆಷ್ಟು ಎಂದು ಗಂಡ ಹೆಂಡತಿ ಅಲ್ಲೇ ಜಗಳಕ್ಕೆ ನಿಂತರು.

ಕಳೆದದ್ದು ಹರಿದ ಇಳಕಲ್ ಸೀರೆ ಒಂದು, ನೀಲಗಂಗಮ್ಮನವರ ಕೈಯಲ್ಲಿ ಒಡೆದ ಹಸಿರು ಬಳೆ ಮೂರು.