ಉದ್ದ ಗಂಟೆ

ಮಗಳು ಬಾಯಲ್ಲಿ ಪಿನ್ನು ಕಚ್ಚಿಕೊಂಡು ತಾಯಿಯ ಬಿಳಿಕೂದಲನ್ನು ಹಿಂದಕ್ಕೆಳೆದು ಬಿಗಿಯಾಗಿ ಗಂಟು ಹಾಕುತ್ತಿದ್ದಳು. ಅಷ್ಟರಲ್ಲಿ ಕಿಟಕಿಯಲ್ಲಿ ಗುಂಡಿ ತೋಡುವವನ ತಲೆ ಕಾಣಿಸಿತು.

“ಅಕ್ಕಾ, ಒಂದ್ ಮಾತು. ಚರ್ಚಿನ ಸಮಾಧಿ ಜಾಗದಲ್ಲಿ ನಿಮ್ಮ ತಂದೆಯವ್ರ ಪಕ್ಕಾನೇ ತೋಡಿ ಮುಗಿಸಿದೆ. ಆದ್ರೆ ಇಲ್ಲಿ ಶಾಲೆ ಅಂಗಳದಲ್ಲೂ ಇಬ್ರು ತೋಡ್ತಾ ಇದಾರಲ್ಲ, ಅದು ಯಾರಿಗೆ?”

ಪಿನ್ನು ಅವಳ ಬಾಯಿಂದ ಜಾರಿ ಶವಪೆಟ್ಟಿಗೆಯೊಳಗೆ ಬಿತ್ತು.

ಮೂಲೆಯಲ್ಲಿ ಕುಳಿತಿದ್ದ ಚಿಕ್ಕಮ್ಮ ಮೂಗು ಒರೆಸಿಕೊಂಡು ತಲೆಯೆತ್ತಿದಳು. “ಒಬ್ಬಳಿಗೆ ಎರಡು ಗುಂಡೀನಾ? ಬದುಕಿದ್ದಾಗ ಒಂದು ಕೋಣೇಲಿ ನೆಟ್ಟಗೆ ಮಲಗಲಿಲ್ಲ ಪುಣ್ಯಾತ್ಗಿತ್ತಿ. ಹೋಗಿ ನೋಡೇ, ಏನು ಸಮಾಚಾರ ಅಂತ.”

ಮಗಳು ಜಗಲಿಗೆ ಬಂದಳು. ಒಂದು ಕಾಲಕ್ಕೆ ಈ ಮನೆ ರಸ್ತೆಗೆ ಮುಖಮಾಡಿ ಒಂಟಿಯಾಗಿ ನಿಂತಿತ್ತು. ಈಗ ಎಡಕ್ಕೆ ಮೂರು ಮಹಡಿ, ಬಲಕ್ಕೆ ಎರಡು ಮಹಡಿ, ಮುಂದೆ ಸಿಮೆಂಟಿನ ಅಂಗಳ, ಅದರಾಚೆ ಶಾಲೆಯ ದೊಡ್ಡ ಗೇಟು. ಈ ಮನೆಯವರು ಉಪ್ಪು ತರುವುದಕ್ಕೂ ಶಾಲೆ ದಾಟಿಯೇ ಹೋಗಬೇಕು. ಹೆಣವೂ ಹಾಗೆಯೇ ಹೋಗಬೇಕು.

ಎಡಗಡೆ ಕಟ್ಟಡದ ಮೆಟ್ಟಿಲ ಪಕ್ಕ ಸಿಮೆಂಟು ಒಡೆದು ಹಸಿ ಮಣ್ಣು ಗುಡ್ಡೆ ಹಾಕಿದ್ದರು. ಜಗಲಿಯಿಂದ ಆ ಮಣ್ಣಿನವರೆಗೆ ಮಕ್ಕಳು ಎರಡು ಸಾಲಾಗಿ ಕೈಕೈ ಹಿಡಿದು ನಿಂತಿದ್ದರು. ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ಪ್ರಿನ್ಸಿಪಾಲ್ ಸಾಲು ನೇರ ಮಾಡುತ್ತಿದ್ದ. ಊರಿಗೆಲ್ಲ ಅವನು ಪ್ರಿನ್ಸಿಪಾಲ್ ಸರ್. ಈ ಮನೆಯಲ್ಲಿ ಮಾತ್ರ ಇಂದಿಗೂ ‘ಮೊದಲನೇ ಬೆಂಚು’. ಈ ಶಾಲೆಗೆ ಮೊದಲ ದಿನ ಬಂದು ಮೊದಲ ಬೆಂಚಿನಲ್ಲಿ ಕೂತವನು ಅವನೇ.

“ಏನಿದು?” ಅಂದಳು ಮಗಳು.

“ಅಕ್ಕ, ನಿನಗೆ ಹೇಳೋಣ ಅಂತಲೇ ಬರ್ತಿದ್ದೆ.”

“ಗುಂಡಿ ತೋಡಿದ ಮೇಲಾ?”

“ನಿನ್ನೆಯಿಂದ ನೀನು ಅಳ್ತಾನೇ ಇದ್ದೆ. ಹೇಗೆ ಕೇಳ್ಲಿ ಹೇಳು. ಕಮಿಟಿಯವರೆಲ್ಲ ಒಪ್ಪಿದಾರೆ, ಅನುಮತೀನೂ ಸಿಕ್ಕಿದೆ. ಟೀಚರ್ ಇಲ್ಲೇ ಇರ್ಬೇಕು ಅಂತ.”

“ಅಪ್ಪನ ಪಕ್ಕ ಜಾಗ ಇದೆ. ಕಲ್ಲಿನ ಮೇಲೂ ಅರ್ಧ ಖಾಲಿ ಬಿಡಿಸಿದೀವಿ. ಅದು ಅವರಿಬ್ಬರ ಮಾತು.”

“ಟೀಚರೇ ನನ್ನ ಹತ್ರ ಹೇಳಿದ್ರು ಅಕ್ಕ. ಮೂರನೇ ಮಹಡಿಗೆ ಕಾಂಕ್ರೀಟ್ ಹಾಕಿದ ದಿನ. ‘ನನ್ನನ್ನ ಇಲ್ಲೇ ಎಲ್ಲಾದ್ರೂ ಹೂತ್ಬಿಡು, ಅಲ್ಲೀವರೆಗೂ ಯಾರು ಹೊತ್ಕೊಂಡು ಹೋಗ್ತಾರೆ’ ಅಂದ್ರು.”

“ತಮಾಷೆಗೆ ಅಂದಿರ್ತಾರೆ.”

“ಟೀಚರ್ ತಮಾಷೆ ಮಾಡಿದ್ದು ನೀನು ಯಾವಾಗ ನೋಡಿದೀಯ?”

ಅವಳೂ ನೋಡಿರಲಿಲ್ಲ.

“ನನಗೂ ಅವರು ತಾಯಿನೇ,” ಅಂದ ಅವನು. ಕಣ್ಣು ತುಂಬಿತ್ತು. ಅದು ನಾಟಕವಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಮೈ ಉರಿಯಿತು.

“ನಿನಗೆ ತಾಯಿ, ನನಗೆ ಟೀಚರ್. ಚೆನ್ನಾಗಿದೆ ಹಂಚಿಕೆ,” ಅಂದು ಒಳಗೆ ಹೋದಳು.

\*

ಶಾಲೆ ಶುರುವಾದದ್ದು ಅವಳ ಮಂಚದ ಜಾಗದಲ್ಲಿ.

ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಹಾಡು ಕಲಿಸುತ್ತಿದ್ದ ತಾಯಿಗೆ, ಅವರಲ್ಲಿ ಅರ್ಧಕ್ಕರ್ಧ ಮಕ್ಕಳು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಬಾಯಿಪಾಠ ಒಪ್ಪಿಸುತ್ತಿದ್ದಾರೆ ಎಂದು ಒಂದು ದಿನ ಗೊತ್ತಾಯಿತು. ಮಾರನೆಯ ವಾರವೇ ಬಡಗಿ ಅಪ್ಪ ಮುಂದಿನ ಕೋಣೆಯಿಂದ ಮಗಳ ಮಂಚ ಎತ್ತಿ ಅಡುಗೆಮನೆಗೆ ಹಾಕಿದ. ಚರ್ಚಿನ ಮುರುಕು ಆಸನಗಳನ್ನು ಕೊಯ್ದು ಗಿಡ್ಡ ಬೆಂಚು ಮಾಡಿದ. ಪಾಸ್ಟರ್ ಬಂದು ಒಂದು ಪ್ರಾರ್ಥನೆ ಮಾಡಿದರು. ಶಾಲೆ ಅಂದರೆ ಅಷ್ಟೇ.

ಮೊದಲ ದಿನ ಮಗಳು “ಅಮ್ಮಾ, ನೀರು” ಅಂದಳು. ತಾಯಿ ಹಲಗೆಯ ಕಡೆಯಿಂದ ತಿರುಗಲೇ ಇಲ್ಲ. ಮಧ್ಯಾಹ್ನ ಅಡುಗೆಮನೆಯಲ್ಲಿ ಕೂರಿಸಿಕೊಂಡು ಹೇಳಿದಳು: “ಇಲ್ಲಿರೋ ಬೇರೆ ಮಕ್ಕಳಿಗೆ ಅಮ್ಮ ಇಲ್ಲಿಲ್ಲ. ನಿನಗೊಬ್ಬಳಿಗೆ ಇದ್ರೆ ಅದು ಸರಿಯಲ್ಲ. ಸಂಜೆ ಗಂಟೆ ಹೊಡೆಯೋವರೆಗೂ ನಾನು ಟೀಚರ್. ಆಮೇಲೆ ಎಷ್ಟು ಬೇಕಾದ್ರೂ ಅಮ್ಮ ಅನ್ನು.”

ಗಂಟೆ ಅಂದರೆ ರೈಲು ಹಳಿಯ ಒಂದು ತುಂಡು. ಅಪ್ಪ ಎಲ್ಲಿಂದಲೋ ಹೊತ್ತು ತಂದು ಜಗಲಿಯ ತೊಲೆಗೆ ತಂತಿಯಿಂದ ನೇತುಹಾಕಿದ್ದ. ಪಾಠ ಬದಲಾದರೆ ಒಂದು ಏಟು, ಪ್ರಾರ್ಥನೆಗೆ ಎರಡು. ಸಂಜೆ ಬಿಡುವಾಗ ಮಾತ್ರ ಕೈ ಸೋಲುವವರೆಗೂ ಒಂದೇ ಸಮ ಬಡಿಯುವುದು. ಅದೇ ಉದ್ದ ಗಂಟೆ. ಮಗಳ ಮುಖ ಬಾಡಿದ್ದು ನೋಡಿ, ಅದನ್ನು ಹೊಡೆಯುವ ಕೆಲಸ ಅವಳಿಗೇ ಕೊಟ್ಟರು. ಹೊಡೆದು, ಕಬ್ಬಿಣದ ಗುಂಯ್‌ಗುಡುವಿಕೆ ನಿಲ್ಲುವ ತನಕ ಅಂಗೈ ಒತ್ತಿ ಹಿಡಿದು, ಆಮೇಲೆ ಒಳಗೆ ಓಡಿ “ಅಮ್ಮಾ” ಅನ್ನುತ್ತಿದ್ದಳು. ಹೇಳಲು ಏನೂ ಇರುತ್ತಿರಲಿಲ್ಲ. ಸುಮ್ಮನೆ ಅನ್ನುತ್ತಿದ್ದಳು.

ಒಂದು ದಿನ ಅವಳಿಗೆ ಸಂಜೆಯವರೆಗೆ ಕಾಯಲಾಗಲಿಲ್ಲ. ಮಧ್ಯಾಹ್ನದ ಊಟವಾದ ಕೂಡಲೇ ಹೋಗಿ ಉದ್ದ ಗಂಟೆ ಹೊಡೆದೇಬಿಟ್ಟಳು. ಮಕ್ಕಳು ಚೀಲ ಎತ್ತಿಕೊಂಡು ಹೋ ಎಂದು ಓಡಿದರು. ಅಪ್ಪ ಅವರನ್ನು ಹಿಂದಕ್ಕೆ ಕರೆಯಲು ಬೀದಿಗೆ ಇಳಿದರೆ ತಾಯಿ ತಡೆದಳು.

“ಬಿಡಿ. ಹೊಡೆದ ಗಂಟೆ ಹೊಡೆದದ್ದೇ. ಉದ್ದ ಗಂಟೆ ಆದ್ಮೇಲೆ ಯಾರನ್ನೂ ಹಿಂದಕ್ಕೆ ಕರೀಬಾರದು. ಕರೆದ್ರೆ ನಾಳೆಯಿಂದ ಮಕ್ಕಳು ಗಂಟೇನೇ ನಂಬಲ್ಲ.”

ಆದರೆ ಮಾರನೆಯ ದಿನ ಹೊಡೆಯುವ ಸರಳು ಮೊದಲನೇ ಬೆಂಚಿನ ಕೈಗೆ ಹೋಯಿತು. ಅವನು ಒಂದು ದಿನವೂ ಹೊತ್ತು ತಪ್ಪಲಿಲ್ಲ.

ಶಾಲೆ ಬೆಳೆಯಿತು. ಜಗಲಿ ಎರಡನೇ ತರಗತಿಯಾಯಿತು. ಅಪ್ಪನ ಮರಗೆಲಸದ ಕೊಟ್ಟಿಗೆ ಐದನೆಯದಾಯಿತು. ಮಲಗುವ ಕೋಣೆ ಆಫೀಸಾಯಿತು. ದೂರದ ಮಕ್ಕಳಿಗೆಂದು ಹಾಸ್ಟೆಲ್ ಬಂತು, ಹಾಸ್ಟೆಲ್ ಬಂದ ಮೇಲೆ ಸಂಜೆಯ ಓದು ಬಂತು, ಸಂಜೆಯ ಓದು ಬಂದ ಮೇಲೆ ಉದ್ದ ಗಂಟೆ ಕತ್ತಲಾಗುವವರೆಗೂ ಮುಂದೆ ಹೋಯಿತು. ಮನೆ ಮಾತ್ರ ಸೋಪಿನ ತುಂಡಿನ ಹಾಗೆ ಸವೆಯುತ್ತ ಬಂತು. ಮಗಳಿಗೂ ಅಷ್ಟು ಹೊತ್ತು ಕಾದು ಅಮ್ಮ ಅನ್ನುವ ಅಭ್ಯಾಸ ತಪ್ಪಿಹೋಯಿತು. ಮದುವೆಯಾಗಿ, ಹೊಲಿಗೆ ಅಂಗಡಿ ಇಟ್ಟು, ಮೊಮ್ಮಕ್ಕಳನ್ನು ಕಂಡ ಮೇಲೂ ತಾಯಿಯನ್ನು ನೋಡಲು ಬಂದರೆ ಬಾಯಿಗೆ ಮೊದಲು ಬರುತ್ತಿದ್ದುದು “ಟೀಚರ್” ಅಂತಲೇ.

\*

“ನಾನೀಗ ಯಾವ ಗುಂಡಿ ಹತ್ರ ನಿಂತ್ಕೊಳ್ಲಿ?” ಎಂದು ಪಾಸ್ಟರ್ ಬಾಗಿಲಲ್ಲಿ ನಿಂತು ಕೇಳಿದರು. ಈ ಚರ್ಚಿಗೆ ಹೊಸಬರು, ಇನ್ನೂ ಎಳೆ ವಯಸ್ಸು. ಪುಸ್ತಕವನ್ನು ಎದೆಗೆ ಅವುಚಿಕೊಂಡಿದ್ದರು.

“ಎರಡರ ಮಧ್ಯ ನಿಂತ್ಕೊಳ್ಳಿ, ದೇವರೇ ದಾರಿ ತೋರಿಸ್ತಾನೆ,” ಅಂದಳು ಚಿಕ್ಕಮ್ಮ.

“ಹಾಗಲ್ಲಮ್ಮ. ಕಮಿಟಿಯವರು ಇಲ್ಲೇ ಅಂತಾರೆ. ಮಗಳಾಗಿ ಇವರು ಅಲ್ಲಿ ಅಂತಾರೆ. ಹೊರಗೆ ಅಷ್ಟು ಜನ ಸೇರಿದಾರೆ. ಪೆಟ್ಟಿಗೆ ಮುಂದೆ ಜಗಳ ಆದ್ರೆ ಚೆನ್ನಾಗಿರಲ್ಲ.”

“ಜಗಳ ಆಡಲ್ಲ ಪಾಸ್ಟರ್,” ಅಂದಳು ಮಗಳು. “ಅಪ್ಪನಿಗೆ ಕೊಟ್ಟ ಒಂದು ಮಾತು ಉಳಿದಿದೆ, ಅಷ್ಟೇ.”

ಪಾಸ್ಟರ್ ಇನ್ನೊಂದು ಸಲ ಪ್ರಿನ್ಸಿಪಾಲನ ಬಳಿಗೆ ಹೋದರು, ಇನ್ನೊಂದು ಸಲ ಪೆಚ್ಚುಮೋರೆ ಹಾಕಿಕೊಂಡು ವಾಪಸು ಬಂದರು. “ಅವರು ಒಪ್ತಾ ಇಲ್ಲ. ಮಕ್ಕಳು ಬಿಸಿಲಲ್ಲಿ ನಿಂತಿದಾರೆ, ಬೇಗ ಶುರು ಮಾಡಿ ಅಂದ್ರು.”

ಚಿಕ್ಕಮ್ಮ ಮಗಳ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದಳು. “ಬೆಳಿಗ್ಗೆಯಿಂದ ನೋಡ್ತಾ ಇದೀನಿ. ಎಲ್ಲ ಮಾಡ್ದೆ. ಮೈ ಒರೆಸ್ದೆ, ತಲೆ ಬಾಚ್ದೆ. ಒಂದು ಸಲ ಅಮ್ಮ ಅಂತ ಬಾಯ್ಬಿಟ್ಟು ಕರೀಲಿಲ್ಲ ನೀನು. ಇಲ್ಲಾಂದ್ರೆ ದುಃಖ ಮೂಳೆ ಮೂಳೆ ಹಿಡ್ಕೊಂಡಿರುತ್ತೆ ಕಣೇ, ಅಮ್ಮಾ ಅಂತ ಕೂಗಿ ಅತ್ತುಬಿಡು.”

“ಬರ್ತಾ ಇಲ್ಲ ಚಿಕ್ಕಮ್ಮ. ಹೊರಗೆ ಶಾಲೆ ನಿಂತಿದೆ.”

ಚಿಕ್ಕಮ್ಮ ಅವಳ ಮೊಣಕೈ ಬಿಟ್ಟಳು.

\*

ಅಪ್ಪ ಸತ್ತದ್ದು ಪರೀಕ್ಷೆಯ ದಿನ. ಅಡುಗೆಮನೆಯಲ್ಲಿ, ಮಗಳ ಹಳೆಯ ಮಂಚದ ಮೇಲೆ. ಗೋಡೆಯ ಆ ಕಡೆ ತಾಯಿ ಮಕ್ಕಳಿಗೆ ಪ್ರಶ್ನೆಗಳನ್ನು ಓದಿ ಹೇಳುತ್ತಿದ್ದುದು ಈ ಕಡೆಗೆ ಕೇಳುತ್ತಿತ್ತು.

ಉಸಿರು ಒಂದು ಥರ ಆದಾಗ ಮಗಳು ಎದ್ದಳು. “ಕರ್ಕೊಂಡು ಬರ್ತೀನಿ ಇರಿ ಅಪ್ಪ.”

ಅವನು ಅವಳ ಬೆರಳು ಹಿಡಿದುಕೊಂಡ. ಗಂಟುಗಂಟಾದ ಬಡಗಿಯ ಕೈ, ಆಗಲೂ ಬಿಗಿಯಾಗಿಯೇ ಇತ್ತು. “ಬೇಡ. ಮಕ್ಕಳು ಬರೀತಾ ಇದಾರೆ. ಬಿಟ್ಟ ಮೇಲೆ ಬರಲಿ.”

ಗಂಟೆ ಹೊಡೆದಾಗ ಅವನು ಇರಲಿಲ್ಲ. ಕೈಯಲ್ಲಿ ಉತ್ತರಪತ್ರಿಕೆಗಳ ಕಟ್ಟು ಹಿಡಿದು ಬಾಗಿಲಿಗೆ ಬಂದ ತಾಯಿ ಅದನ್ನು ಕೆಳಗಿಡಲೂ ಮರೆತು ನಿಂತಳು. ಮಗಳು ಅವನ ಮಾತನ್ನು ಇದ್ದ ಹಾಗೆ ಹೇಳಿದಳು. ಚುಚ್ಚಬೇಕೆಂದೇ ಹೇಳಿದಳು. ತಾಯಿ ಅವನ ಮುಖ ನೋಡಿ, “ಬರ್ತೀನಿ. ಕಲ್ಲಲ್ಲಿ ನನಗೂ ಜಾಗ ಬಿಡಿಸು,” ಅಂದಳು. ಒಂದು ವಾರದ ಮೇಲೆ ಮತ್ತೆ ತರಗತಿಗೆ ಹೋದಳು. ಆ ಮಾತು ಮತ್ತೆ ಯಾವತ್ತೂ ಬರಲಿಲ್ಲ.

\*

ಪಾಸ್ಟರ್ ಜಗಲಿಯಲ್ಲಿ ಪ್ರಾರ್ಥನೆ ಮಾಡಿದರು. ಯಾವ ಕಡೆಗೂ ಮುಖ ಮಾಡದೆ, ಕಣ್ಣು ಮುಚ್ಚಿಕೊಂಡೇ ಮಾಡಿದರು. ಆಮೆನ್ ಆಯಿತು. ಪೆಟ್ಟಿಗೆಗೆ ಹೆಗಲು ಕೊಟ್ಟವರೆಲ್ಲ ಇದೇ ಶಾಲೆಯಲ್ಲಿ ಓದಿದವರು. ಮುಂದೆ ಬಸ್ ಡ್ರೈವರ್ ಮತ್ತು ಔಷಧಿ ಅಂಗಡಿಯವನು, ಹಿಂದೆ ಇಲ್ಲೇ ಪಾಠ ಮಾಡುವ ಮೇಷ್ಟ್ರುಗಳು. ಎಲ್ಲರ ಕೂದಲೂ ನರೆತಿತ್ತು.

ಪೆಟ್ಟಿಗೆ ಜಗಲಿ ಇಳಿಯಿತು. ಕೈಕೈ ಹಿಡಿದ ಮಕ್ಕಳ ಸಾಲು ಎಡಕ್ಕೆ ಬಾಗಿ ಮಣ್ಣಿನ ಗುಡ್ಡೆಗೆ ದಾರಿ ಮಾಡಿತ್ತು. ಹೊತ್ತವರು ಆ ದಾರಿ ಹಿಡಿದರು. ಪ್ರಿನ್ಸಿಪಾಲ್ ಗುಂಡಿಯ ತಲೆಭಾಗದಲ್ಲಿ ಕೈಕಟ್ಟಿ ನಿಂತಿದ್ದ. ಕಮಿಟಿಯ ಅಧ್ಯಕ್ಷರು ಭಾಷಣದ ಹಾಳೆ ಬಿಡಿಸಿಕೊಂಡಿದ್ದರು.

ಮಗಳು ಹಿಂದೆ ಬರುತ್ತಿದ್ದವಳು ಜಗಲಿಯ ಕಂಬದ ಹತ್ತಿರ ನಿಂತಳು. ಇನ್ನು ಹತ್ತು ಹೆಜ್ಜೆ ಹೋದರೆ ಮುಗಿಯಿತು. ಮಣ್ಣು ಬಿದ್ದ ಮೇಲೆ ಯಾರೂ ಯಾರನ್ನೂ ಎತ್ತುವುದಿಲ್ಲ. ಅಪ್ಪನ ಪಕ್ಕ ಆ ಗುಂಡಿ ಬಾಯಿ ತೆರೆದುಕೊಂಡೇ ಇರುತ್ತದೆ, ನಾಳೆ ಅದನ್ನು ಸುಮ್ಮನೆ ಮುಚ್ಚಬೇಕು. ಕಿರುಚಲೇ ಅಂದುಕೊಂಡಳು. ಈ ಅಂಗಳದಲ್ಲಿ ಅವಳ ಮಾತು ನಡೆದದ್ದು ಒಂದೇ ಒಂದು ದಿನ.

ತಲೆಯ ಮೇಲೆ ಹಳಿ ತುಂಡು ನೇತಾಡುತ್ತಿತ್ತು. ಉಳಿದ ಗಂಟೆಗಳೆಲ್ಲ ಕರೆಂಟಿನವಾಗಿದ್ದವು. ಸಂಜೆಯ ಉದ್ದ ಗಂಟೆಯನ್ನು ಮಾತ್ರ ಪ್ರಿನ್ಸಿಪಾಲ್ ಇಂದಿಗೂ ತಾನೇ ಬಂದು ಇದರ ಮೇಲೆ ಹೊಡೆಯುತ್ತಿದ್ದ. ಸರಳು ಕಂಬದ ಮೊಳೆಯಲ್ಲೇ ಇತ್ತು. ಅವಳು ಕೈಚಾಚಿದಳು.

ಮೊದಲ ಏಟಿಗೆ ಮಕ್ಕಳು ತಿರುಗಿ ನೋಡಿದರು. ಎರಡಕ್ಕೆ ಯಾರೋ ಪ್ರಾರ್ಥನೆ ಅಂದುಕೊಂಡು ತಲೆತಗ್ಗಿಸಿದರು. ಅವಳು ನಿಲ್ಲಿಸಲಿಲ್ಲ. ಹೊಲಿಗೆ ಅಂಗಡಿಯಲ್ಲಿ ಕತ್ತರಿ ಆಡಿಸಿ ಗಟ್ಟಿಯಾದ ತೋಳು, ಒಂದೇ ಸಮ ಬಡಿಯಿತು. ಸಣ್ಣ ಮಕ್ಕಳ ಕೈಗಳು ಮೊದಲು ಬಿಟ್ಟುಕೊಂಡವು. ಒಂದು ಹುಡುಗಿ ಗೋಡೆಗೆ ಒರಗಿಸಿದ್ದ ಚೀಲದ ಕಡೆ ಓಡಿದಳು, ಅವಳ ಹಿಂದೆ ನಾಲ್ಕು ಜನ, ಆಮೇಲೆ ಎಲ್ಲರೂ. ಕಣ್ಣು ಮಿಟುಕಿಸುವಷ್ಟರಲ್ಲಿ ಸಾಲು ಅನ್ನುವುದೇ ಉಳಿಯಲಿಲ್ಲ. ಅಂಗಳ ಪೂರ್ತಿ ಗೇಟಿನ ಕಡೆಗೆ ಹರಿಯಿತು.

ಪೆಟ್ಟಿಗೆ ಹೊತ್ತವರೂ ತಿರುಗಿದರು. ಹೇಗೆ ಅಂತ ಆಮೇಲೆ ಬಸ್ ಡ್ರೈವರನಿಗೂ ಹೇಳಲಾಗಲಿಲ್ಲ. ಆ ಸದ್ದಿಗೆ ಗೇಟಿನ ಕಡೆ ನಡೆಯುವುದನ್ನು ಅವರ ಕಾಲುಗಳು ಎಳವೆಯಲ್ಲೇ ಕಲಿತಿದ್ದವು. ಅರ್ಧ ಅಂಗಳ ದಾಟಿದ ಮೇಲೆ ಅವರಿಗೆ ತಾವು ಎಲ್ಲಿಗೆ ಹೋಗುತ್ತಿದ್ದೇವೆ ಎಂದು ತಿಳಿದು, ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು.

“ಸರ್, ನಿಲ್ಲಿಸ್ರಿ ಅವರನ್ನ. ಸೀಟಿ ಊದಿ,” ಅಂದರು ಅಧ್ಯಕ್ಷರು.

ಪ್ರಿನ್ಸಿಪಾಲ್ ಸೀಟಿಯನ್ನು ತುಟಿಯವರೆಗೂ ತಂದಿದ್ದ. ಜಗಲಿಯ ಮೇಲೆ ಅವಳು ಇನ್ನೂ ಬಡಿಯುತ್ತಲೇ ಇದ್ದಳು, ಅವನನ್ನೇ ನೋಡುತ್ತ. ಅವನು ಸೀಟಿ ಕೈಯಿಂದ ಬಿಟ್ಟ.

“ಉದ್ದ ಗಂಟೆ ಆಯ್ತಲ್ಲ ಸರ್,” ಅಂದ. “ಇನ್ನು ಯಾರನ್ನೂ ಹಿಂದಕ್ಕೆ ಕರೆಯೋ ಹಾಗಿಲ್ಲ.”

ಮಣ್ಣಿನ ಗುಡ್ಡೆ ಬಳಸಿಕೊಂಡು ಹೋಗಿ ಗೇಟಿನ ಇನ್ನೊಂದು ಬಾಗಿಲಿನ ಚಿಲಕ ತೆಗೆದ. ಅದು ತುಕ್ಕು ಹಿಡಿದಿತ್ತು, ಎರಡು ಸಲ ಎಳೆಯಬೇಕಾಯಿತು. ಆಮೇಲೆ ಔಷಧಿ ಅಂಗಡಿಯವನ ಪಕ್ಕ ಹೋಗಿ ಹೆಗಲು ಕೊಟ್ಟ. ಪೆಟ್ಟಿಗೆ ಮತ್ತೆ ಹೊರಟಿತು. ಪಾಸ್ಟರ್ ಪುಸ್ತಕ ಅವುಚಿಕೊಂಡು ಹಿಂದೆ ಓಡಿದರು.

ಮಗಳು ಸರಳನ್ನು ಮೊಳೆಗೆ ಸಿಕ್ಕಿಸಿದಳು. ಹಳಿ ಇನ್ನೂ ಗುಂಯ್‌ಗುಡುತ್ತಿತ್ತು. ಎರಡೂ ಅಂಗೈ ಒತ್ತಿ, ಒಳಗಿನ ನಡುಕ ಪೂರ್ತಿ ನಿಲ್ಲುವವರೆಗೂ ಹಿಡಿದುಕೊಂಡಳು. ನಿಂತಿತು. ಚಪ್ಪಲಿಯನ್ನು ಅಲ್ಲೇ ಬಿಟ್ಟು, ಖಾಲಿಯಾದ ಅಂಗಳದಲ್ಲಿ ಬರಿಗಾಲಲ್ಲಿ ಓಡಿದಳು, ಗೇಟು ದಾಟುತ್ತಿದ್ದ ಪೆಟ್ಟಿಗೆಯ ಹಿಂದೆ, “ಅಮ್ಮಾ, ಇರಮ್ಮಾ, ಬಂದೆ” ಎಂದು ಕೂಗುತ್ತ.